ಖಾಲಿ ಹಗೇವು ಮತ್ತು ನಾಲ್ಕು ಶಾಸ್ತ್ರ

ಮಡಿವಾಳೆಪ್ಪನ ಮನೆಯ ಮುಂದಿನ ಹಗೇವಿನಲ್ಲಿ ಇಪ್ಪತ್ತು ಚೀಲ ಜೋಳವಿದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದರಲ್ಲಿ ಒಂದು ಕಾಳೂ ಇಲ್ಲ ಎಂಬುದು ಮಡಿವಾಳೆಪ್ಪನಿಗೊಬ್ಬನಿಗೇ ಗೊತ್ತಿತ್ತು.

ಹಗೇವು ಎಂದರೇನೆಂದು ನವಲಗುಂದ ಸೀಮೆಯವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಅದು ನೆಲದೊಳಗಿನ ಕಣಜ. ಎರಡಾಳು ಆಳದ ಗುಂಡಿ, ಒಬ್ಬನೇ ಇಳಿಯುವಷ್ಟು ಬಾಯಿ. ಒಳಗೆಲ್ಲ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಹುಲ್ಲು ಮಾತ್ರ ದಪ್ಪಗೆ ಹೊದಿಸಬೇಕು. ಮಡಿವಾಳೆಪ್ಪನಿಗೆ ಹುಟ್ಟಿನಿಂದಲೇ ಮೈಗಳ್ಳತನ, ಅದರ ಜೊತೆಗೆ ಜಿಪುಣತನ. ಹುಲ್ಲು ಎತ್ತುಗಳಿಗೆ ಉಳಿಯಲಿ ಎಂದು ಅರ್ಧಕ್ಕರ್ಧ ಹೊದಿಸಿದ. ಮಳೆಗಾಲದಲ್ಲಿ ನೀರು ಜಿನುಗಿ ಇಪ್ಪತ್ತು ಚೀಲವೂ ಕೊಳೆತು ಹೋಯಿತು.

ಅದು ಮೂರು ವರ್ಷದ ಹಿಂದಿನ ಮಾತು. ಹೆಂಡತಿ ಶಿವಗಂಗವ್ವ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಊರಿನವರೆಲ್ಲ ಹತ್ತಿ ಬಿಡಿಸಲು ಹೊಲಕ್ಕೆ ಹೋದ ನಾಲ್ಕು ಹಗಲು ಮಡಿವಾಳೆಪ್ಪ ಒಬ್ಬನೇ ಬುಟ್ಟಿಗಟ್ಟಲೆ ಕೊಳೆತ ಜೋಳ ಎತ್ತಿ ತಿಪ್ಪೆಗೆ ಹಾಕಿ, ಚಪ್ಪಡಿ ಎಳೆದು, ಮೊದಲಿನ ಹಾಗೆ ಮಣ್ಣು ಮೆತ್ತಿ ಕೈತೊಳೆದುಕೊಂಡ. ನಾತ ಎಲ್ಲಿಂದ ಎಂದು ಬಾಜೂ ಮನೆಯ ಭರಮಪ್ಪ ಕೇಳಿದಾಗ ಹೆಗ್ಗಣ ಸತ್ತಿದೆ ಎಂದ. ಆ ಗಡಿಬಿಡಿಯಲ್ಲಿ ಅವನ ಒಂದು ಚಪ್ಪಲಿಯೂ ಕಳೆದಿತ್ತು. ತವರಿನಿಂದ ಬಂದ ಹೆಂಡತಿಗೆ ನಾಯಿ ಕಚ್ಚಿಕೊಂಡು ಹೋಯಿತೆಂದು ಹೇಳಿದ. ಉಣ್ಣಲು ಆಯಾ ವರ್ಷದ ಬೆಳೆ ಸಾಕಾಗುತ್ತಿದ್ದುದರಿಂದ ಹಗೇವು ತೆಗೆಯುವ ಪ್ರಸಂಗ ಬರಲಿಲ್ಲ. ಒಂದು ಸುಳ್ಳು ಮೂರು ವರ್ಷ ಅವನನ್ನು ಚೆನ್ನಾಗಿ ಸಾಕಿತು.

ಈಗ ಮಗ ಈರಪ್ಪನಿಗೆ ಮೊರಬದ ಅಂದಾನೆಪ್ಪನ ಮಗಳನ್ನು ಕೇಳಿದ್ದರು. ಹುಡುಗನಿಗೆ ಇಪ್ಪತ್ತೊಂಬತ್ತು ತುಂಬಿತ್ತು, ನಾಲ್ಕು ಸಂಬಂಧ ಮುರಿದು ಬಿದ್ದಿದ್ದವು. ಐದನೆಯದು ನಿಂತಿದ್ದೇ ಈ ಹಗೇವಿನ ಮೇಲೆ. ಅಂದಾನೆಪ್ಪ ಆ ದಿನ ಮಧ್ಯಾಹ್ನದ ಬಸ್ಸಿಗೆ ಮನೆತನ ನೋಡಲು ಬರುವವನಿದ್ದ. ಅವನ ಮನೆಯಲ್ಲಿ ಮೂರು ಹಗೇವು ತುಂಬಿವೆಯಂತೆ. ಮದುವೆಯ ಊಟಕ್ಕೆ ಅಲ್ಲಿಂದಲೇ ಐದಾರು ಚೀಲ ತರಿಸಿಕೊಂಡರಾಯಿತು ಎಂದು ಮಡಿವಾಳೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ.

ಹನ್ನೊಂದು ಗಂಟೆಗೆ ಜೀಪು ಬಂತು.

ಅದು ‘ಸಮಗ್ರ ಗ್ರಾಮ ಸಂಶೋಧನಾ ಯೋಜನೆ’ಯ ಜೀಪು. ಎಂಬತ್ನಾಲ್ಕನೆಯ ಇಸವಿಯಲ್ಲಿ ಸರಕಾರಕ್ಕೆ ಹಳ್ಳಿಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತ್ತು. ಯೋಜನೆಯಲ್ಲಿ ನಾಲ್ಕು ಶಾಸ್ತ್ರಗಳಿದ್ದವು, ಆದರೆ ಜೀಪು ಮಂಜೂರಾದದ್ದು ಒಂದೇ. ಹಾಗಾಗಿ ನಾಲ್ವರೂ ಒಂದೇ ಜೀಪಿನಲ್ಲಿ ತಿರುಗುತ್ತಿದ್ದರು. ಯಾರ ಪಾಳಿಯೋ ಅವರು ಕೆಲಸ ಮಾಡುವುದು, ಉಳಿದ ಮೂವರು ನಿದ್ದೆ ಮಾಡುವುದು. ಆ ದಿನ ಹುಳದ ಡಾಕ್ಟರರ ಪಾಳಿ. ಮಡಿವಾಳೆಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಉಳಿದ ಮೂವರು ಸಂಜೆಯವರೆಗೂ ಮಲಗಿರುತ್ತಿದ್ದರು.

ಜೀಪಿಗೆ ದಾರಿ ತೋರಿಸುತ್ತ ಮುಂದೆ ಓಡಿಬಂದವನು ಭರಮಪ್ಪ. ಊರಿನಲ್ಲಿ ಯಾರ ಮನೆಯ ಗಡಿಗೆಯಲ್ಲಿ ಏನು ಬೇಯುತ್ತದೆ ಎಂದು ನೋಡದಿದ್ದರೆ ಇವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

“ಹಳೇ ಹಗೇವು ಬೇಕಂತ ಇವರಿಗೆ. ನಾ ಹೇಳ್ದೆ, ನಮ್ಮ ಮಡಿವಾಳೆಪ್ಪಣ್ಣಂದು ಬಿಟ್ರ ತಾಲೂಕಿನ್ಯಾಗ ಇನ್ನೊಂದಿಲ್ಲ ಅಂತ,” ಎಂದ.

ಹುಳದ ಡಾಕ್ಟರರು ಜೋಳದ ನುಸಿಯ ಹಿಂಗಾಲುಗಳ ಮೇಲೆ ಹನ್ನೆರಡು ವರ್ಷ ದುಡಿದವರು. ಅವರ ಗುರುಗಳು ಅದೇ ನುಸಿಯ ಮುಂಗಾಲುಗಳ ಮೇಲೆ ದುಡಿದು ನಿವೃತ್ತರಾಗಿದ್ದರು. ಅದರ ಮೀಸೆಗಾಗಿ ಒಬ್ಬ ಶಿಷ್ಯ ಕಾದು ಕೂತಿದ್ದ. ಇಷ್ಟು ಜನ ಸೇರಿ ಇಷ್ಟು ವರ್ಷದಲ್ಲಿ ಒಂದು ನುಸಿಯನ್ನೂ ಕೊಂದಿರಲಿಲ್ಲ.

“ಯಜಮಾನ್ರ, ಹಗೇವು ತಗಸ್ರಿ. ಒಂದು ಸೇರು ಜೋಳ ಕೊಡ್ರಿ, ಹುಳ ಎಣಿಸಿಕೊಂಡು ಹೋಗ್ತೀನಿ,” ಎಂದರು.

ಮಡಿವಾಳೆಪ್ಪ ಹೋಗಿ ಚಪ್ಪಡಿಗೆ ಅಡ್ಡ ನಿಂತ. ಬಾಯಿಗೆ ಬಂದದ್ದನ್ನು ಹೇಳಿದ. “ತಗೀಬಾರದ್ರಿ ಸಾಹೇಬ್ರ. ಒಳಗ ಹಾವೈತಿ. ನಮ್ಮ ಮುತ್ಯಾನ ಕಾಲದಿಂದ ಕಾಯಾಕತ್ತೈತಿ.”

ಹುಳದ ಡಾಕ್ಟರರು ಎರಡು ಹೆಜ್ಜೆ ಹಿಂದೆ ಸರಿದರು. ಆದರೆ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿದ್ದ ಒಬ್ಬರು ಚೇಳು ಕಡಿದವರಂತೆ ಎದ್ದು ಕೂತರು. ಅವರು ಹಾಡಿನ ಡಾಕ್ಟರರು. ಕೊರಳಲ್ಲಿ ಖಾದಿ ಶಲ್ಲೆ, ಬಗಲಲ್ಲಿ ಟೇಪ್ ರೆಕಾರ್ಡರ್. ಹಳ್ಳಿಯ ಹೆಂಗಸರ ಹಾಡುಗಳೆಲ್ಲ ಮೂಲದಲ್ಲಿ ಹಾವಿನ ಹಾಡುಗಳೇ ಎಂದು ಇವರು ಹಾಡು ಕೇಳುವ ಮೊದಲೇ ತೀರ್ಮಾನಿಸಿ ಪುಸ್ತಕ ಬರೆದಿದ್ದರು.

“ನಿಧಿ ಕಾಯುವ ಸರ್ಪ,” ಎಂದು ಉದ್ಗರಿಸಿ ಕೆಳಗಿಳಿದರು. “ಇದರ ಹಾಡು ಯಾರಿಗರೆ ಬರ್ತದೇನು?”

“ನಮ್ಮವ್ವಗ ಬರ್ತೈತ್ರಿ,” ಎಂದು ಭರಮಪ್ಪ ತನ್ನ ತಾಯಿ ದುರ್ಗವ್ವನನ್ನು ಎಳೆದುಕೊಂಡು ಬಂದ. ದುರ್ಗವ್ವನಿಗೆ ಹಾವಿನ ಗೊಡವೆ ಇರಲಿಲ್ಲ. ಸೊಸೆಯ ಮೇಲಿನ ಸಿಟ್ಟು ಮಾತ್ರ ತಾಜಾ ಇತ್ತು. ಯಂತ್ರದ ಮುಂದೆ ಬಾಯಿ ಒಯ್ದು ಹಾಡಿದಳು:

“ಸೊಸಿ ಬಂದಾಳ ಸೊಸಿ, ರೊಟ್ಟಿ ಮಾಡ್ಯಾಳ ಮಸಿ,
ಉಂಡ್ಯಾ ಅತ್ತಿ ಅಂತಾಳ, ಹಸದ ಮಕ್ಕೋ ಅಂತಾಳ.”

ಡಾಕ್ಟರರು ಕಣ್ಣು ಮುಚ್ಚಿ ತಲೆದೂಗಿದರು. ಮಸಿಯಾದ ರೊಟ್ಟಿ ಎಂದರೆ ಬಿಚ್ಚಿದ ಹೆಡೆ ಎಂದು ಬರೆದುಕೊಂಡರು. ಆಮೇಲೆ, “ಹಗೇವು ತೆಗಿಯೂದೇ ಚಲೋ. ಹಾವು ಹೊರಬೀಳೋ ಮುಂದ ಊರವರು ಏನು ಆಚರಣೆ ಮಾಡ್ತಾರ, ಅದನ್ನ ನೋಡಬೇಕು,” ಎಂದರು.

ಒಬ್ಬರಿದ್ದವರು ಇಬ್ಬರಾದರು. ಮಡಿವಾಳೆಪ್ಪ ಬೆವರು ಒರೆಸಿಕೊಂಡು ಎರಡನೆಯ ಸುಳ್ಳು ಹೇಳಿದ. “ಹಂಗಲ್ರಿ, ಆ ಚಪ್ಪಡಿ ಅಲುಗಿಸಬಾರದು. ಅದರ ಮ್ಯಾಲ ಹಳೇ ಕಾಲದ ಬರಹ ಐತಂತ ಹಿರ್ಯಾರು ಹೇಳಿದ್ರು.”

ಜೀಪಿನಿಂದ ಕಲ್ಲಿನ ಡಾಕ್ಟರರು ಇಳಿದರು. ಸತ್ತವರ ವಂಶಾವಳಿಯಲ್ಲಿ ಮೂರು ಸಾವಿರ ಹೆಸರು ಬಾಯಿಪಾಠ ಇದ್ದ ಇವರಿಗೆ ಜೀಪಿನ ಡ್ರೈವರನ ಹೆಸರು ಎರಡು ವರ್ಷವಾದರೂ ಗೊತ್ತಿರಲಿಲ್ಲ. ಶಿವಗಂಗವ್ವನಿಂದ ಒಂದು ಬೊಗಸೆ ಜೋಳದ ಹಿಟ್ಟು ಇಸಿದುಕೊಂಡು, ಮಣ್ಣು ಕೆರೆಸಿ ಚಪ್ಪಡಿಗೆ ತಿಕ್ಕಿ, ಬೆಳ್ಳಗೆ ಎದ್ದು ಕಂಡ ಗೆರೆಗಳ ಮುಂದೆ ಮೊಣಕಾಲೂರಿದರು. “ಒಂಬತ್ತನೆಯ ಶತಮಾನ. ಲಿಪಿ ಸವೆದಿದೆ, ಆದರೆ ದಾನಶಾಸನ ಎಂಬುದರಲ್ಲಿ ಸಂಶಯವಿಲ್ಲ. ಮಗ್ಗುಲು ತಿರುಗಿಸಿ ಕೆಳಗಿನ ಭಾಗ ಓದಬೇಕು.”

ಕಲ್ಲು ತಿರುವಿದರೆ ಬಾಯಿ ತೆರೆಯುತ್ತದೆ. ಮಡಿವಾಳೆಪ್ಪ ಹೆದರಿ ನಿಜವನ್ನೇ ಹೇಳಿಬಿಟ್ಟ. “ಸಾಹೇಬ್ರ, ಅದು ಬರಹ ಅಲ್ರಿ. ನಮ್ಮಪ್ಪ ದಿನಾ ಅದರ ಮ್ಯಾಲ ಕುಡಗೋಲು ಮಸೀತಿದ್ದ. ಆ ಗೆರಿ ಅವು.”

ಕಲ್ಲಿನ ಡಾಕ್ಟರರು ಮಗುವನ್ನು ನೋಡುವ ಹಾಗೆ ನೋಡಿ ನಕ್ಕರು. “ಪಾಪ, ನಿಮಗ ಹೆಂಗ ಗೊತ್ತಾಗಬೇಕು,” ಎಂದರು.

ಅಷ್ಟರಲ್ಲಿ ಮೊರಬದ ಅಂದಾನೆಪ್ಪ ಇಬ್ಬರು ಹಿರಿಯರೊಂದಿಗೆ ಬಂದೇ ಬಿಟ್ಟ. ಜರದ ರುಮಾಲು, ಬೆಳ್ಳನೆಯ ಧೋತರ. ಮನೆಯ ಮುಂದೆ ಜೀಪು, ಅಂಗಳದಲ್ಲಿ ಕಲಿತ ಮಂದಿ, ಸುತ್ತ ಅರ್ಧ ಊರು. ಅವನ ಕಣ್ಣು ಅರಳಿದವು. ಕಟ್ಟೆಯ ಮೇಲೆ ಹಾಸಿದ ಜಮಖಾನೆಯಲ್ಲಿ ಕೂತು, “ನಮ್ಮವೂ ಮೂರ ಅದಾವ್ರಿ ಹಗೇವು. ಮೂರೂ ಕಂಠಮಟ ತುಂಬ್ಯಾವು. ತಗದರ ಮತ್ತ ಮುಚ್ಚೂದು ತ್ರಾಸಂತ ತಗದ ಇಲ್ಲ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಮಡಿವಾಳೆಪ್ಪನ ಬತ್ತಳಿಕೆಯಲ್ಲಿ ಇನ್ನೊಂದೇ ಬಾಣ ಉಳಿದಿತ್ತು. ಅದನ್ನೂ ಬಿಟ್ಟ. “ನೋಡ್ರಿ, ನನ್ನದೇನಿಲ್ಲ. ಮನ್ಯಾಗಿನಾಕಿ ಹೂಂ ಅನ್ನೂತನ ನಾ ಹಗೇವು ಮುಟ್ಟಾಂವಲ್ಲ.”

ಜೀಪಿನ ಮುಂದಿನ ಸೀಟಿನಿಂದ ನಾಲ್ವರಲ್ಲಿ ಒಬ್ಬರೇ ಹೆಣ್ಣುಮಗಳಾದ ಪ್ರಶ್ನೆಯ ಬಾಯಾರು ಇಳಿದರು. ಇವರ ಶಾಸ್ತ್ರ ಸಮಾಜದ್ದು. ನೂರಾ ನಲವತ್ತು ಪ್ರಶ್ನೆಗಳ ಫಾರ್ಮು ಹಿಡಿದು ಊರೂರು ತಿರುಗಿ, ಬಡವರು ಬಡವರಾಗಿರುವುದಕ್ಕೆ ಬಡತನವೇ ಕಾರಣ ಎಂದು ಅಂಕಿಸಂಖ್ಯೆ ಸಮೇತ ತೋರಿಸಿಕೊಟ್ಟಿದ್ದರು. ಕಣಜದ ಮೇಲೆ ಹೆಣ್ಣಿನ ಅಧಿಕಾರ ಎಂಬ ಮಾತು ಕಿವಿಗೆ ಬಿದ್ದದ್ದೇ ಸೀದಾ ಅಡುಗೆಮನೆಗೆ ನುಗ್ಗಿದರು.

“ತಾಯಿ, ಹಗೇವು ತೆಗೆಯಬೇಕೋ ಬೇಡವೋ, ನಿರ್ಧಾರ ನಿಮ್ಮದಂತೆ?”

ಶಿವಗಂಗವ್ವನಿಗೆ ಮದುವೆಯಾಗಿ ಮೂವತ್ತು ವರ್ಷವಾಗಿತ್ತು. ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಸೆರಗು ಸರಿಮಾಡಿಕೊಂಡು ಅಂಗಳಕ್ಕೆ ಬಂದು ಬೀಗರ ಎದುರು ನಿಂತಳು. “ತಗೀಲಿ ಅಲ್ರಿ. ಬೀಗರೂ ಬಂದಾರ. ಇಪ್ಪತ್ತು ಚೀಲ ಹೆಂಗಿಟ್ಟೀವಿ ಎಲ್ಲಾರೂ ಕಣ್ತುಂಬ ನೋಡ್ಲಿ,” ಎಂದಳು.

ಮಡಿವಾಳೆಪ್ಪ ತಲೆಗೆ ಕೈ ಹಚ್ಚಿ ಕೂತ. ಈ ಊರಿನ ಹಿರಿಯರು ಸುಳ್ಳಿಗೆ ಕಾಲಿಲ್ಲ ಎನ್ನುತ್ತಿದ್ದರು. ಅವನ ಸುಳ್ಳುಗಳಿಗೆ ಕಾಲು ಬಂದದ್ದಲ್ಲದೆ ಒಂದೊಂದಕ್ಕೂ ಒಂದೊಂದು ಡಾಕ್ಟರೇಟು ಬಂದಿತ್ತು.

ನಾಲ್ಕು ಆಳು ಸೇರಿ ಚಪ್ಪಡಿ ಎತ್ತಿದರು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ತಾಸು ಬಿಟ್ಟರು. ಆಮೇಲೆ ಭರಮಪ್ಪ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ಆರಿದರೆ ಒಳಗೆ ಉಸಿರುಗಟ್ಟುವ ಗಾಳಿಯಿದೆ, ಯಾರೂ ಇಳಿಯುವಂತಿಲ್ಲ ಎಂದು ಅರ್ಥ. ಕಂದೀಲು ಆರಲಿಲ್ಲ. ಅದು ಆರಲಿ ಎಂದು ಮಡಿವಾಳೆಪ್ಪ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದ. ಕಂದೀಲು ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ತಳಕ್ಕೆ ಹೋಗಿ ಕೂತಿತು.

“ಏನೂ ಇಲ್ಲೋ,” ಎಂದು ಭರಮಪ್ಪ ಬಗ್ಗಿ ನೋಡಿದ. “ಅಗದಿ ಖಾಲಿ. ತಡೀರಿ, ಏನೋ ಒಂದು ಬಿದ್ದೈತಿ.” ಏಣಿ ಇಳಿಸಿ ಒಳಗಿಳಿದು, ಆ ವಸ್ತುವನ್ನು ಎತ್ತಿಕೊಂಡು ಬಂದ. ಸೆಟೆದು ಕಟ್ಟಿಗೆಯಂತಾದ ಒಂದು ಚಪ್ಪಲಿ.

ಅಂಗಳದಲ್ಲಿ ನಾಲ್ಕೂ ಶಾಸ್ತ್ರಗಳು ಒಮ್ಮೆಲೇ ಮಾತಾಡತೊಡಗಿದವು.

ಇಪ್ಪತ್ತು ಚೀಲವನ್ನು ಒಂದು ಕಾಳೂ ಬಿಡದೆ ತಿಂದ ಹೊಸ ಜಾತಿಯ ನುಸಿ ಇದು ಎಂದು ಹುಳದ ಡಾಕ್ಟರರು ಕುಣಿದರು. ಸರ್ಪ ನಿಧಿಯೊಂದಿಗೆ ಅದೃಶ್ಯವಾಗಿದೆ, ಇಂಥ ಪಾಠಾಂತರ ಈವರೆಗೆ ಸಿಕ್ಕಿರಲಿಲ್ಲ ಎಂದು ಹಾಡಿನ ಡಾಕ್ಟರರ ಕಣ್ಣಲ್ಲಿ ನೀರು ಬಂತು. ಕಾಳಿಲ್ಲದಿದ್ದರೂ ಇದೆ ಎಂದು ನಂಬಿ ಬದುಕುವ ಹೆಣ್ಣಿನ ಮನಸ್ಸಿನ ಮೇಲೆ ಇನ್ನೊಂದು ನೂರಾ ನಲವತ್ತು ಪ್ರಶ್ನೆ ಬೇಕೆಂದರು ಬಾಯಾರು. ಕಲ್ಲಿನ ಡಾಕ್ಟರರು ಯಾರಿಗೂ ಕಿವಿಗೊಡಲಿಲ್ಲ. ಚಪ್ಪಲಿಯನ್ನು ಎರಡೂ ಅಂಗೈಯಲ್ಲಿ ಹಿಡಿದು, “ಇದು ಕಣಜವಲ್ಲ, ತಪಸ್ಸಿನ ಗುಹೆ. ಇದು ಯಾವನೋ ಯತಿಯ ಪಾದರಕ್ಷೆ,” ಎಂದರು.

ಶಿವಗಂಗವ್ವ ಹತ್ತಿರ ಬಂದು ಬಗ್ಗಿ ನೋಡಿದಳು. “ಅಲ್ರಿ, ಇದು ನಿಮ್ಮ ಕಾಲಮರಿ. ನಾಯಿ ಒಯ್ತು ಅಂದಿದ್ರಲ್ಲ,” ಎಂದು ಗಂಡನ ಕಡೆ ತಿರುಗಿದಳು. ನಾಯಿ ಎಂದಾದರೂ ತಂದುಹಾಕೀತು ಎಂದು ಅದರ ಜೋಡಿಯನ್ನು ಅವಳು ಮೂರು ವರ್ಷದಿಂದ ಅಟ್ಟದ ಮೇಲೆ ಇಟ್ಟಿದ್ದಳು. ಒಳಗೆ ಹೋಗಿ ಅದನ್ನು ತಂದು ಮೊದಲಿನದರ ಪಕ್ಕಕ್ಕೆ ಹಿಡಿದಳು. ಅದೇ ಹೊಲಿಗೆ, ಅದೇ ಮೊಳೆ.

“ಎರಡನೆಯದೂ ಸಿಕ್ಕಿತು,” ಎಂದು ಕಲ್ಲಿನ ಡಾಕ್ಟರರು ಅದನ್ನೂ ಹತ್ತಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಮಡಿವಾಳೆಪ್ಪ ಎದ್ದು ನಿಂತ. ಇನ್ನು ಮುಚ್ಚಿಡಲು ಅವನಲ್ಲಿ ಏನೂ ಉಳಿದಿರಲಿಲ್ಲ. “ಕೇಳ್ರಿ ಎಲ್ಲಾರೂ. ಹುಳಾನೂ ಅಲ್ಲ, ಹಾವೂ ಅಲ್ಲ. ನಾ ಹುಲ್ಲು ಕಡಿಮಿ ಹಾಕಿದ್ದೆ. ಜೋಳ ಕೊಳತು ನಾರಿತು. ಕದ್ದು ತಿಪ್ಪಿಗೆ ಹಾಕಿದೆ. ಆ ಕಾಲಮರಿ ನಂದ,” ಎಂದ.

ನಾಲ್ವರೂ ಪೆನ್ನು ಹಿಡಿದಿದ್ದರು. ಒಬ್ಬರೂ ಬರೆದುಕೊಳ್ಳಲಿಲ್ಲ. ಬೆಳಗಿನಿಂದ ಒಬ್ಬರ ಮಾತಿಗೆ ಇನ್ನೊಬ್ಬರು ಮೂಗು ಮುರಿಯುತ್ತಿದ್ದವರು ಇದೊಂದರಲ್ಲಿ ಒಂದಾದರು. ಮನೆಯ ಯಜಮಾನನ ಹೇಳಿಕೆ ಆಧಾರವಾಗುವುದಿಲ್ಲ, ಹಳ್ಳಿಯವರಿಗೆ ತಮ್ಮ ವಿಷಯ ತಮಗೇ ಗೊತ್ತಿರುವುದಿಲ್ಲ ಎಂದರು.

ಆದರೆ ಅಂದಾನೆಪ್ಪನಿಗೆ ಚೆನ್ನಾಗಿ ತಿಳಿಯಿತು. ರುಮಾಲು ಸರಿಮಾಡಿಕೊಂಡು, “ಏಳ್ರಿ, ಹೋಗೂಣು,” ಎಂದು ತನ್ನ ಹಿರಿಯರಿಗೆ ಹೇಳಿದ. ಬಾಗಿಲಲ್ಲಿ ನಿಂತಿದ್ದ ಈರಪ್ಪ ನೆಲ ನೋಡಿದ. ಐದನೆಯದೂ ಹೋಯಿತು. ತನ್ನ ಅರ್ಧ ಹೊರೆ ಹುಲ್ಲಿಗಾಗಿ ಮಗನ ಬಾಳು ಕೆಟ್ಟಿತಲ್ಲ ಎಂದು ಮಡಿವಾಳೆಪ್ಪನಿಗೆ ನಿಜವಾಗಿಯೂ ಅಳು ಬಂತು.

ಆಗ ಭರಮಪ್ಪ ಬಾಯಿ ಹಾಕಿದ. “ಸಾಹೇಬ್ರ, ಇದೊಂದ ಯಾಕ? ಈ ಮೊರಬದ ಸಾವಕಾರ್ರ ಮನ್ಯಾಗ ಮೂರ ಅದಾವು, ಕಂಠಮಟ. ಈಗ ಅವರ ಹೇಳಿದ್ರಲ್ಲ.”

“ಮೂರು ಅದಾವೇನು?” ಎಂದು ಹುಳದ ಡಾಕ್ಟರರು ತಿರುಗಿದರು. “ತೌಲನಿಕ ಅಧ್ಯಯನ,” ಎಂದು ಉಳಿದ ಮೂವರೂ ಒಟ್ಟಿಗೆ ಹೇಳಿದರು. ಮರುದಿನ ಮುಂಜಾನೆ ಒಂಬತ್ತಕ್ಕೆ ಜೀಪು ಮೊರಬಕ್ಕೆ ಬರುವುದೆಂದು ಅಲ್ಲೇ ನಿಶ್ಚಯವಾಯಿತು.

ಎದ್ದಿದ್ದ ಅಂದಾನೆಪ್ಪ ಮೆಲ್ಲಗೆ ಮತ್ತೆ ಕೂತ. ಅವನ ಮುಖ ಹಿಟ್ಟು ನಾದಿ ತೊಳೆದಿಟ್ಟ ಪರಾತದಂತಾಯಿತು. ಸ್ವಲ್ಪ ಹೊತ್ತಿಗೆ ಮಡಿವಾಳೆಪ್ಪನ ರಟ್ಟೆ ಹಿಡಿದು ದನದ ಕೊಟ್ಟಿಗೆಯ ಕಡೆ ಕರೆದೊಯ್ದ.

“ಬೀಗರ,” ಎಂದು ಪಿಸುಗುಟ್ಟಿದ. ಆ ಶಬ್ದ ಅವನ ಬಾಯಿಂದ ಬಂದದ್ದು ಆಗಲೇ ಮೊದಲು. “ಸಂಬಂಧ ಗಟ್ಟಿ ಅಂತ ತಿಳೀರಿ. ನಮ್ಮವು ಮೂರೂ ಖಾಲಿ ಅದಾವು. ಮದಿವಿ ಊಟಕ್ಕ ನಿಮ್ಮ ಇಪ್ಪತ್ತು ಚೀಲದ ಮ್ಯಾಲ ಕಣ್ಣಿಟ್ಟು ಬಂದಿದ್ದೆ. ಅದು ಹೋಗ್ಲಿ ಬಿಡ್ರಿ. ನಾಳಿಗೆ ಇವರು ಬಂದ್ರ ಏನ ಹೇಳ್ಲಿ? ಹಾವೈತಿ ಅಂದ್ರ ನಡೀತೈತೇನು?”

ಮಡಿವಾಳೆಪ್ಪ ಬೀಗರನ್ನು ನೋಡಿದ. ಅವನ ಐದಾರು ಚೀಲದ ಲೆಕ್ಕವೂ ಅಲ್ಲೇ ತಿಪ್ಪೆಗೆ ಬಿತ್ತು.

“ಹಾವಂತ ಅನಬ್ಯಾಡ್ರಿ, ಕಲ್ಲಿನ ಸುದ್ದಿ ತಗೀಬ್ಯಾಡ್ರಿ, ಹೆಣ್ಮಕ್ಕಳ ಹೆಸರಂತೂ ಎತ್ತಲೇ ಬ್ಯಾಡ್ರಿ,” ಎಂದ. “ಖರೇ ಹೇಳ್ರಿ. ಖರೇ ಹೇಳಿದ್ರ ಅವರು ಬರಕೊಳ್ಳೂದಿಲ್ಲ.”

“ಇತ್ತ ಸ್ವಲ್ಪ ಒಳಗ ಬರ್ರಿ,” ಎಂದು ಅಡುಗೆಮನೆಯಿಂದ ಶಿವಗಂಗವ್ವ ಕರೆದಳು. ಅವಳ ದನಿ ಬಹಳ ತಣ್ಣಗಿತ್ತು.

ಮಡಿವಾಳೆಪ್ಪ ಬರಿಗಾಲಲ್ಲಿ ಒಳಗೆ ನಡೆದ. ಅವನು ಹೇಳುವ ಖರೇ ಮಾತನ್ನು ಒಂದಕ್ಷರ ಬಿಡದೆ ಬರೆದಿಟ್ಟುಕೊಂಡು ಸಾಯುವವರೆಗೂ ಓದಿ ಹೇಳುವವಳು ಆ ಮನೆಯಲ್ಲಿ ಒಬ್ಬಳಿದ್ದಳು.