ಕರವಸ್ತ್ರದಲ್ಲಿ ಕಟ್ಟಿದ ಪ್ರಸಾದ

ಶೂ ಬಿಚ್ಚಬೇಕೋ, ಬೇಡವೋ? ಬಾಗಿಲ ಬಳಿ ಒಂದು ಜೊತೆ ಚಪ್ಪಲಿಯೂ ಕಾಣುತ್ತಿಲ್ಲ. ಹಾಗಂತ ದೇವರಿದ್ದಲ್ಲಿಗೆ ಶೂ ಹಾಕಿಕೊಂಡೇ ನುಗ್ಗುವುದೇ? ಬಿಚ್ಚಿದರೆ ನಗುತ್ತಾರೇನೋ. ಬಿಚ್ಚದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೇನೋ.

ಶ್ರೀಕಂಠ ಒಂದು ಲೇಸು ಬಿಚ್ಚಿ ಇನ್ನೊಂದಕ್ಕೆ ಕೈಹಾಕುವಷ್ಟರಲ್ಲಿ ಒಳಗೆ ಆರ್ಗನ್ನು ಗುಡುಗಿತು. ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿ ಕೂರುವ ವಾಲ್ಟರ್ ಬಂದು ಅವನ ತೋಳು ಹಿಡಿದು ಒಳಗೆ ಕರೆದೊಯ್ದ. ಬಿಚ್ಚಿದ ಲೇಸು ನೆಲ ಗುಡಿಸುತ್ತ ಹಿಂದೆ ಬಂತು.

ಅವನು ಬಂದದ್ದು ದೇವರಿಗಾಗಿ ಅಲ್ಲ, ಹಾಲಿಗಾಗಿ. ಆ ಪರದೇಶದ ಊರಿನಲ್ಲಿ ಕನ್ನಡ ಕೂಟದ ಯುಗಾದಿ ಹತ್ತಿರವಾಗಿತ್ತು. ಶಾಲೆಗಳ ಸಭಾಂಗಣಗಳೆಲ್ಲ ಬೇರೆಯವರ ಪಾಲಾಗಿದ್ದವು. ವಾಲ್ಟರನ ಚರ್ಚಿನಲ್ಲಿ ಸ್ಟೇಜು, ಪರದೆ, ಅಡುಗೆಮನೆ ಎಲ್ಲ ಇರುವ ಹಾಲ್ ಇದೆಯೆಂದು ಶ್ರೀಕಂಠನೇ ಒಮ್ಮೆ ಕೂಟದವರ ಮುಂದೆ ಬಾಯಿತಪ್ಪಿ ಹೇಳಿದ್ದ. ವರ್ಷಕ್ಕೊಮ್ಮೆ ಬಾಯಿ ಬಿಡುವವನು ಬಿಟ್ಟದ್ದು ಹೀಗೆ.

"ಹೋಗಿ ಒಂದ್ಸಲ ಸರ್ವೀಸಲ್ಲಿ ಕೂತ್ಕೊಂಡ್ ಬನ್ರೀ," ಎಂದಿದ್ದರು ಕೂಟದ ಕಾರ್ಯದರ್ಶಿ ವೆಂಕಟಾಚಲ, ಎವರ್‌ಗ್ರೀನ್ ಬಡಾವಣೆಯ ಮನೆಯಿಂದ ಫೋನಿನಲ್ಲಿ. "ಅವರಿಗೂ ಖುಷಿ ಆಗತ್ತೆ. ಕೊನೇಲಿ ಒಂದೇ ಒಂದು ಮಾತು ಕೇಳಿ, ಹಾಲ್ ಕೊಡ್ತೀರಾ ಅಂತ. ಅಷ್ಟೂ ಆಗಲ್ವ ನಿಮ್ಕೈಲಿ?"

ಹೆಂಡತಿ ನಿರುಪಮಾಳ ಮಾತು ಇನ್ನೂ ಸ್ಪಷ್ಟವಾಗಿತ್ತು. ಎರಡು ತಿಂಗಳಿಂದ ಭಾನುವಾರ ಬಂತೆಂದರೆ ಅವಳು ಮನೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಯುಗಾದಿಯ ನಾಟಕದಲ್ಲಿ ಅವಳದು ದುರ್ಗಿಯ ಪಾತ್ರ; ದಿನವಿಡೀ ಕಿರುಚಿ ಕಿರುಚಿ ಅಭ್ಯಾಸ. ಕೆಳಗಿನ ಅಪಾರ್ಟ್‌ಮೆಂಟಿನವರು ಎರಡು ಸಲ ಬಂದು ಯಾರಿಗೇನಾಯಿತೆಂದು ವಿಚಾರಿಸಿ ಹೋಗಿದ್ದರು.

"ಹಾಲ್ ಇಲ್ದೆ ವಾಪಸ್ ಬಂದ್ರೆ ರೀ, ಕೊನೇ ಸೀನು ನಿಮ್ಮ ಮೇಲೇ ಮಾಡಿ ತೋರಿಸ್ತೀನಿ."

ಚರ್ಚು ತಣ್ಣಗಿತ್ತು. ಎಲ್ಲೆಲ್ಲೂ ನೇರಳೆ ಬಟ್ಟೆ ಹೊದಿಸಿದ್ದರು. ಎದುರಿಗೆ ಕೆಂಪು ಪುಸ್ತಕ ಒಂದು, ನೀಲಿ ಪುಸ್ತಕ ಒಂದು. ಶ್ರೀಕಂಠ ಕೆಂಪು ತೆರೆದರೆ ಜನ ನೀಲಿಯಲ್ಲಿ ಹಾಡುತ್ತಿದ್ದರು. ನೀಲಿಗೆ ಕೈಹಾಕಿದರೆ ಎಲ್ಲರೂ ಮಂಡಿಯೂರಿದ್ದರು. ಏಳು, ಕೂರು, ಮಂಡಿಯೂರು: ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಇಲ್ಲೂ ಎಲ್ಲೋ ಅಡಗಿದ್ದಾರೆ ಅನ್ನಿಸಿತು. ಮಂಡಿಯೂರುವ ಮೆತ್ತೆಹಲಗೆಯನ್ನು ಅವನು ಕಾಲಿನಿಂದ ಎಳೆದಾಗ ಅದು ಪಟಾಕಿಯಂತೆ ಢಂ ಎಂದು ಬಿತ್ತು. ಯಾರೂ ತಿರುಗಿ ನೋಡಲಿಲ್ಲ. ಅಷ್ಟೊಂದು ಜನ ಒಟ್ಟಿಗೆ ತಿರುಗಿ ನೋಡದೇ ಇದ್ದದ್ದೇ ಅವನಿಗೆ ಹೆಚ್ಚು ನಾಚಿಕೆ ತಂದಿತು.

ಆದರೂ ನಡುನಡುವೆ ಬಂದ ಮೌನ ಅವನಿಗೆ ಹಿಡಿಸಿತು. ಬಿಳಿ ನಿಲುವಂಗಿಯ ಮೇಲೆ ನೇರಳೆ ಹೊದ್ದ ಪಾದ್ರಿ, ಫಾದರ್ ಹ್ಯೂಸ್, ರೊಟ್ಟಿಯ ಬಿಲ್ಲೆಯನ್ನು ಎತ್ತಿ ಹಿಡಿದು ಮುರಿದರು. ಆ ಚಿಟಕ್ ಸದ್ದು ಕೊನೆಯ ಸಾಲಿಗೂ ಕೇಳಿತು. ಆಮೇಲೆ ಏನೂ ಇಲ್ಲ. ಗಂಟೆಯಿಲ್ಲ, ಜಾಗಟೆಯಿಲ್ಲ, ಮುಂದೆ ನಡೀರಿ ಎಂದು ತಳ್ಳುವವರಿಲ್ಲ. ಇಂಥ ಕಡೆ ತನ್ನಂಥವನು ಇಡೀ ದಿನ ಕೂತಿರಬಹುದು ಅಂದುಕೊಂಡ.

ಜನ ಸಾಲಾಗಿ ಮುಂದೆ ಹೊರಟರು. ಪ್ರಸಾದ! ಇದು ಮಾತ್ರ ಗೊತ್ತಿರುವ ವಿಷಯ. ಸಾಲು ಕಂಡ ಕಾಲುಗಳು ತಾವಾಗಿಯೇ ಎದ್ದವು. ವಾಲ್ಟರ್ ಬಾಯಿ ತೆರೆಯುವ ಮೊದಲೇ ಶ್ರೀಕಂಠ ಮುಂದಿನ ಕಟಕಟೆಯ ಬಳಿ ಮಂಡಿಯೂರಿದ್ದ. ಎಡಗೈ ಕೆಳಗೆ, ಬಲಗೈ ಮೇಲೆ. ಫಾದರ್ ತೆಳು ಬಿಲ್ಲೆಯೊಂದನ್ನು ಅಂಗೈಯಲ್ಲಿಟ್ಟರು. ಅವನು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಒಬ್ಬನೇ ತಿಂದು ಹೋಗುವುದು ಹೇಗೆ? ಮನೆಯಲ್ಲಿ ನಿರುಪಮಾ ಇದ್ದಾಳೆ. ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ.

ಹಿಂದೆಯೇ ಡೊರೊಥಿ ಎಂಬ ಹಿರಿಯ ಹೆಂಗಸು ದ್ರಾಕ್ಷಾರಸದ ಬೆಳ್ಳಿ ಪಾತ್ರೆ ಹಿಡಿದು ಬಂದಳು. ಎಲ್ಲರೂ ಒಂದೇ ಪಾತ್ರೆಗೆ ಬಾಯಿ ಹಚ್ಚುತ್ತಿದ್ದರು. ಎಂಜಲು! ಶ್ರೀಕಂಠ ತೀರ್ಥಕ್ಕೆ ಒಡ್ಡುವಂತೆ ಬಲ ಅಂಗೈಯನ್ನು ಗುಳಿ ಮಾಡಿ ಚಾಚಿದ. ಡೊರೊಥಿ ಬಗ್ಗಿ, ಗಾಯವೇನಾದರೂ ಆಗಿದೆಯೇ ಎಂಬಂತೆ ಅಂಗೈಯನ್ನು ನೋಡಿ, ಅವನ ಜೇಬನ್ನೂ ನೋಡಿ ಮುಂದೆ ಹೋದಳು.

ಸರ್ವೀಸು ಮುಗಿದ ಮೇಲೆ ಕಾಫಿ ಕೊಟ್ಟದ್ದು ಅದೇ ಹಾಲಿನಲ್ಲಿ. ಸ್ಟೇಜಿಗೆ ಕೆಂಪು ಮಖಮಲ್ಲಿನ ಪರದೆ. ದುರ್ಗಿ ಅಬ್ಬರಿಸಲು ಹೇಳಿ ಮಾಡಿಸಿದ ಜಾಗ. ಶ್ರೀಕಂಠ ಗಂಟಲು ಸರಿಮಾಡಿಕೊಂಡ.

"ಫಾದರ್, ಈ ಹಾಲು..."

ಫಾದರ್ ಹ್ಯೂಸ್ ಅವನ ಮೊಣಕೈ ಹಿಡಿದು ಮೂಲೆಗೆ ಕರೆದರು. "ಒಂದು ನಿಮಿಷ. ನೀವು ಆ ರೊಟ್ಟಿಯನ್ನು ಜೇಬಿನಲ್ಲಿ ಇಟ್ಟುಕೊಂಡಿರಾ?"

ಅವರ ದನಿ ಮೆತ್ತಗಿತ್ತು. ಹಿಂದೆ ನಿಂತಿದ್ದ ಡೊರೊಥಿಯ ಮುಖ ಮೆತ್ತಗಿರಲಿಲ್ಲ.

ಶ್ರೀಕಂಠ ಕರವಸ್ತ್ರ ತೆಗೆದ. "ನನ್ನ ಹೆಂಡತಿಗೆ."

ಫಾದರ್ ಮುಖ ಬದಲಾಯಿತು. "ಓ! ಅವರಿಗೆ ಬರಲಾಗಲಿಲ್ಲವೇ?"

"ಇಲ್ಲ. ಎರಡು ತಿಂಗಳಿಂದ ಭಾನುವಾರ ಹೊರಗೇ ಹೊರಟಿಲ್ಲ."

"ಎರಡು ತಿಂಗಳು!" ಡೊರೊಥಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನಾನು ಏನೇನೋ ಅಂದುಕೊಂಡೆನಲ್ಲ!"

"ಹಾಸಿಗೆ ಹಿಡಿದವರಿಗೆ ನಾವೂ ಹೀಗೆ ಮನೆಗೆ ಒಯ್ಯುತ್ತೇವೆ," ಎಂದರು ಫಾದರ್, ಬಿಲ್ಲೆಯನ್ನು ಜೋಪಾನವಾಗಿ ತೆಗೆದುಕೊಳ್ಳುತ್ತ. "ಬೇರೆ ಯಾರಿಗೂ ಹಾಗೆ ಒಯ್ಯುವಂತಿಲ್ಲ. ಇಲ್ಲಿ ಅದು ದೊಡ್ಡ ತಪ್ಪು. ನಾನೇ ತೆಗೆದುಕೊಂಡು ಬರುತ್ತೇನೆ. ಇವತ್ತೇ ಬರಲೇ?"

ನಿರುಪಮಾ ಹಾಸಿಗೆ ಹಿಡಿದಿದ್ದಾಳೆಂದೇ ಇವರು ತಿಳಿದಿದ್ದಾರೆಂದು ಶ್ರೀಕಂಠನಿಗೆ ಆಗ ಹೊಳೆಯಿತು. ನಿಜ ಹೇಳಬೇಕು. ಹೇಳಿದರೆ ದೊಡ್ಡ ತಪ್ಪು ತನ್ನದಾಗುತ್ತದೆ. ತಪ್ಪು ಮಾಡಿದವನಿಗೆ ಹಾಲು ಯಾರು ಕೊಡುತ್ತಾರೆ?

"ಇವತ್ತು ಬೇಡ," ಎಂದ. "ಅವಳು ತುಂಬ ಕಿರುಚುತ್ತಾಳೆ."

ಡೊರೊಥಿಯ ಕಣ್ಣು ತುಂಬಿತು. ವಾಲ್ಟರ್ ಬಂದು ಹೆಗಲ ಮೇಲೆ ಕೈಯಿಟ್ಟ. "ಆಫೀಸಿನಲ್ಲಿ ನೀನು ಯಾಕೆ ಅಷ್ಟು ಸುಮ್ಮನಿರುತ್ತೀ ಅಂತ ಈಗ ಗೊತ್ತಾಯಿತು."

ಐದು ನಿಮಿಷದಲ್ಲಿ ಹಾಲಿನ ಅರ್ಧ ಜನ ಅವನ ಸುತ್ತ ಸೇರಿದರು. ಯಾರೋ ಚಿಕನ್ ಹಾಕಿದ ಬಿಸಿ ಅಡುಗೆಯ ತಟ್ಟೆಯೊಂದನ್ನು ಕೈಯಲ್ಲಿಟ್ಟರು. ಹುಟ್ಟಾ ಸಸ್ಯಾಹಾರಿ ಶ್ರೀಕಂಠ ಅದನ್ನು ಮಲಗಿದ ಕೂಸಿನಂತೆ ಹಿಡಿದು ನಿಂತ.

"ನೀವು ಈ ಹಾಲಿನ ಬಗ್ಗೆ ಏನೋ ಹೇಳುತ್ತಿದ್ದಿರಿ," ಎಂದರು ಫಾದರ್.

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹೆಂಡತಿ ನರಳುತ್ತಿರುವಾಗ ಹಬ್ಬಕ್ಕೆ ಹಾಲು ಕೇಳುವ ಗಂಡ ಎಂಥವನು?

"ಹಾಲು ಚೆನ್ನಾಗಿದೆ," ಎಂದ ಶ್ರೀಕಂಠ.

ಫಾದರ್ ತಲೆದೂಗಿ, ಡೊರೊಥಿಯ ಕಡೆ ತಿರುಗಿ ಪಿಸುಮಾತಿನಲ್ಲಿ ಏನೋ ಹೇಳಿದರು. ಡೊರೊಥಿ ಹೌದೌದೆಂದು ಜೋರಾಗಿ ತಲೆಯಾಡಿಸಿದಳು.

ತಟ್ಟೆಯನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟು ಮನೆಗೆ ಬಂದಾಗ ನಿರುಪಮಾ ಸೋಫಾದ ಮೇಲೆ ನಿಂತು ಸೌಟು ಝಳಪಿಸುತ್ತಿದ್ದಳು.

"ಸಿಕ್ತೇನ್ರೀ?"

ಅವನು ಬಗ್ಗಿ ಶೂ ಲೇಸಿಗೆ ಕೈಹಾಕಿದಾಗ ಫೋನು ಬಂತು. ನಿರುಪಮಾ ಹಾರಿ ಎತ್ತಿಕೊಂಡಳು. ವೆಂಕಟಾಚಲರ ದನಿ ಶ್ರೀಕಂಠನಿಗೂ ಕೇಳಿಸಿತು.

"ನಿಮ್ಮ ಯಜಮಾನ್ರನ್ನ ನಂಬಿ ಕೂತ್ರೆ ಆಗಲ್ಲ ಅಂತ ಶುಕ್ರವಾರಾನೇ ನಾನು ಪಾದ್ರಿಗೆ ಫೋನ್ ಮಾಡಿದ್ದೆ ಕಣಮ್ಮ. ಖಾಲಿ ಇದೆ, ತಗೊಳ್ಳಿ ಅಂದಿದ್ರು, ದೇವರಂಥ ಮನುಷ್ಯ. ಈಗ ಅವರೇ ಫೋನ್ ಮಾಡಿ ಸಾರಿ ಅಂತಾರೆ. ಯಾರೋ ಹೆಂಗಸಿಗೆ ತೀರಾ ಸೀರಿಯಸ್ಸಂತೆ. ಎರಡು ತಿಂಗಳಿಂದ ನೋವಲ್ಲಿ ಕಿರುಚ್ತಾ ಇದ್ದಾಳಂತೆ. ಆಕೆಗೋಸ್ಕರ ನಮ್ಮ ಯುಗಾದಿ ದಿನಾನೇ ಆ ಹಾಲಲ್ಲಿ ಪ್ರಾರ್ಥನೆ, ಊಟ ಎಲ್ಲ ಇಟ್ಕೊಂಡಿದ್ದಾರೆ. ನಾನೂ ಮನುಷ್ಯ ಅಲ್ವ? ಧಾರಾಳವಾಗಿ ಮಾಡಿ ಅಂದ್ಬಿಟ್ಟೆ."

ನಿರುಪಮಾ ಫೋನಿಟ್ಟು ಸೋಫಾದ ಮೇಲೆ ಕುಳಿತಳು. ಸೌಟು ಮಡಿಲಿಗೆ ಬಿತ್ತು. ಬೈಯುತ್ತಾಳೆಂದು ಶ್ರೀಕಂಠ ಕಾದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೋಗ್ಲಿ ಬಿಡಿ. ನಾಟಕ ಮುಂದಿನ ವರ್ಷ ಮಾಡಿದ್ರಾಯ್ತು. ಪಾಪ, ಎರಡು ತಿಂಗಳಿಂದ! ಅವತ್ತು ನಾವಿಬ್ರೂ ಹೋಗಿ ಆಕೆಗೋಸ್ಕರ ಪ್ರಾರ್ಥನೆ ಮಾಡಿ ಬರೋಣ ರೀ. ನಾನು ಚಿತ್ರಾನ್ನ ಮಾಡ್ಕೊಂಡ್ ಬರ್ತೀನಿ." ಆಮೇಲೆ ಅವನ ಮುಖ ನೋಡಿದಳು. "ನೀವು ಅಲ್ಲೇ ಇದ್ರಲ್ಲ, ಯಾರಂತೆ ಆ ಹೆಂಗಸು?"

ಶ್ರೀಕಂಠ ಬಗ್ಗಿ, ಬಿಚ್ಚಿದ ಲೇಸನ್ನು ಮತ್ತೆ ಕಟ್ಟಿಕೊಳ್ಳತೊಡಗಿದ.