ಎಲ್ಲಿ ತಗೊಂಡ್ರಿ ಈ ಬೂಟು?

ನಾನು ಯಾವುದಕ್ಕೆ ಜೀವ ಬಿಡುತ್ತೇನೋ ಅದು ಕೈಗೆ ಬರುವಾಗ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಕಾಲಿಗೆ ಬರುವಾಗಲೂ ಆಯಿತು.

ಆಸೆ ದೊಡ್ಡದೇನಲ್ಲ. ಈ ಪರದೇಶದಲ್ಲಿ, ಸ್ಟರ್ಲಿಂಗ್ ಊರಿನ ನಮ್ಮ ಆಫೀಸಿನಲ್ಲಿ ರಿಸೆಪ್ಶನ್‌ನಾಕೆ ಒಂದು ಚಳಿಗಾಲ ಬೆಲ್ಲದ ಬಣ್ಣದ ಬೂಟು ಹಾಕಿಕೊಂಡು ಬಂದಳು. ಮೊಣಕಾಲಿನವರೆಗೆ ಮೆತ್ತನೆ ಚರ್ಮ, ಒಳಗೆಲ್ಲ ಉಣ್ಣೆ. ಎಲ್ಲಿ ತಗೊಂಡೆ ಎಂದು ನಾನು ಕೇಳಿದಾಗ ಅವಳ ಮುಖ ಅರಳಿದ್ದು ನೋಡಬೇಕಿತ್ತು. ಅಂದಿನಿಂದ ನನಗೂ ಅಂಥ ಬೂಟು ಬೇಕೆನಿಸಿತು. ನಿಜ ಹೇಳಬೇಕೆಂದರೆ, ಬೂಟಿಗಿಂತ ಹೆಚ್ಚಾಗಿ, ಆ ಪ್ರಶ್ನೆಯನ್ನು ಯಾರಾದರೂ ಒಮ್ಮೆ ನನ್ನನ್ನು ಕೇಳಲಿ ಎಂಬ ಆಸೆ.

ಅರ್ಧ ರೇಟು

"ನಿನ್ನ ಪಾದ ಚಿಕ್ಕದು. ಮಕ್ಕಳ ಸೆಕ್ಷನ್‌ನಲ್ಲಿ ನೋಡು, ಅರ್ಧ ರೇಟು. ಬೆಚ್ಚಗಿದ್ರೆ ಆಯ್ತಲ್ವಾ?" ಎಂದರು ಯಜಮಾನರು. ಮನಸ್ಸಿಲ್ಲದ ಮನಸ್ಸಿನಿಂದ ಒಂದು ಕಪ್ಪು ಬೂಟು ತಂದೆ.

ಮರುದಿನ ಮೀಟಿಂಗ್‌ನಲ್ಲಿ ಪ್ರೊಜೆಕ್ಟರಿಗೆಂದು ದೀಪ ಆರಿಸಿದರು. ನಾನೆದ್ದು ಒಂದು ಹೆಜ್ಜೆ ಇಟ್ಟೆ, ಬೂಟಿನ ಹಿಮ್ಮಡಿಯಲ್ಲಿ ಕೆಂಪು, ನೀಲಿ ದೀಪ ಹತ್ತಿಕೊಂಡವು. ನಿಂತರೆ ಆರುತ್ತವೆ, ನಡೆದರೆ ಹತ್ತುತ್ತವೆ. ಕೊನೆಯವರೆಗೂ ನಿಂತಲ್ಲೇ ನಿಂತು ಮಾತಾಡಿದೆ. ಎಂಥ ಸ್ಥಿತಪ್ರಜ್ಞೆ ಎನ್ನುವಂತೆ ಮ್ಯಾನೇಜರ್ ಎಲ್ಲರೆದುರು ಹೊಗಳಿದ.

ಶನಿವಾರದ ದರ್ಶನ

ಮುಂದಿನ ಚಳಿಗಾಲ ಬೆಲ್ಲದ ಬಣ್ಣದ್ದೇ ಒಂದು ಅಂಗಡಿಯಲ್ಲಿ ಕಂಡಿತು. ಬೆಲೆ ಮಾತ್ರ ನಮ್ಮಂಥವರದಲ್ಲ. ಶನಿವಾರ ಲ್ಯಾನ್‌ಹ್ಯಾಮ್ ದೇವಸ್ಥಾನದಿಂದ ಬರುವಾಗ ಒಳಗೆ ಹೋಗಿ, ಹಾಕಿಕೊಂಡು, ಕನ್ನಡಿ ಮುಂದೆ ನಾಲ್ಕು ಹೆಜ್ಜೆ ನಡೆದು, ಡಬ್ಬಿಗೆ ವಾಪಸ್ ಇಟ್ಟು ಬರುತ್ತಿದ್ದೆ. ಕಾರು ಹತ್ತುವಾಗ ಇನ್ನೊಮ್ಮೆ ತಿರುಗಿ ಅಂಗಡಿಯ ಕಡೆ ನೋಡುತ್ತಿದ್ದೆ.

"ಅಮ್ಮ, ನಾವು ಗಾಡ್ ನೋಡಕ್ಕೆ ಬಂದಿದ್ದಾ, ಬೂಟ್ಸ್ ನೋಡಕ್ಕಾ?" ಎಂದಳು ಎರಡನೇ ಕ್ಲಾಸಿನ ಮಗಳು.

ಕೊನೆಗೆ ಮಾರ್ಚ್‌ನಲ್ಲಿ ಕ್ಲಿಯರೆನ್ಸ್ ಸೇಲ್‌ಗೆ ಹಾಕಿದರು. ತಗೊಂಡೆ! ಖುಷಿ ತಡೆಯಲಾರದೆ ನಮ್ಮ ಕನ್ನಡ ಹೆಂಗಸರ ವಾಟ್ಸಾಪ್ ಗ್ರೂಪಿಗೆ ಲಿಂಕ್ ಕೂಡ ಹಾಕಿದೆ. ಒಳ್ಳೆ ಡೀಲ್ ಸಿಕ್ಕಿದರೆ ಹತ್ತು ಜನಕ್ಕೆ ಹಂಚುವುದು ಇಲ್ಲಿ ನಮ್ಮ ಧರ್ಮ. ಇದಕ್ಕೆ ಲೈಟ್ ಇಲ್ಲವಲ್ಲ ಎಂದು ಮರುಗಿದ ಮಗಳು ಬಲ ಹಿಮ್ಮಡಿಗೆ ಬೆಳ್ಳಿ ನಕ್ಷತ್ರದ ಸ್ಟಿಕರ್ ಅಂಟಿಸಿದಳು.

ಹಾಕಿಕೊಂಡು ಹೊರಗೆ ಬಂದರೆ ಚಳಿ ಮುಗಿದು ಚೆರ್ರಿ ಹೂ ಬಿಟ್ಟಿತ್ತು. ಬೂಟು ಕ್ಲಾಸೆಟ್ ಸೇರಿತು, ಯಜಮಾನರು ಎಸಿ ಹಾಕಿದರು.

ಎಳ್ಳು ಬೆಲ್ಲ

ಬೇಸಿಗೆಯಿಡೀ ಕ್ಲಾಸೆಟ್ ತೆಗೆದು ತೆಗೆದು ನೋಡಿದೆ. ಊರಿಗೆ ಹೋಗುವ ದಿನ ಎಣಿಸುವವರಂತೆ ಚಳಿಗಾಗಿ ಕಾದೆ. ಸಂಕ್ರಾಂತಿಗೆ ಸೆಂಟರ್‌ವಿಲ್‌ನ ಗೆಳತಿ ಎಳ್ಳು ಬೆಲ್ಲಕ್ಕೆ ಕರೆದಳು. ಅವತ್ತೇ ಆ ಚಳಿಗಾಲದ ಮೊದಲ ಹಿಮ ಬಿತ್ತು. ರೇಷ್ಮೆ ಸೀರೆ ಸ್ವಲ್ಪ ಮೇಲಕ್ಕೇ ಉಟ್ಟು, ಬೂಟು ಹಾಕಿಕೊಂಡು ಹೊರಟೆ.

"ಬನ್ನಿ ಬನ್ನಿ, ಬೂಟು ಗರಾಜ್‌ನಲ್ಲಿ ಬಿಟ್ಟು ಬನ್ನಿ," ಎಂದಳು ಗೆಳತಿ.

ಮೂರು ಚಳಿಗಾಲ ಹಂಬಲಿಸಿದವಳಿಗೆ, ನಮ್ಮವರ ಮನೆಯಲ್ಲಿ ಅದನ್ನು ಬಾಗಿಲಲ್ಲೇ ಬಿಡಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಗರಾಜ್‌ಗೆ ಹೋದರೆ ಸಾಲಾಗಿ ಏಳು ಜೊತೆ ಬೆಲ್ಲದ ಬಣ್ಣದ ಬೂಟು! ಎಲ್ಲ ನನ್ನ ಲಿಂಕಿನ ಪುಣ್ಯ. ಎಂಟನೆಯದಾಗಿ ನನ್ನದನ್ನೂ ಇಟ್ಟೆ. ಒಳಗೆ ಎಲ್ಲರಿಗೂ ಕಂಡದ್ದು, ತೂತಾದ ಸಾಕ್ಸಿನಿಂದ ಇಣುಕುತ್ತಿದ್ದ ನನ್ನ ಹೆಬ್ಬೆರಳು.

ಹೊರಡುವಾಗ ನನ್ನ ಬೂಟಿಲ್ಲ. ಉಳಿದವೆಲ್ಲ ಒಂದು ಸೈಜು ದೊಡ್ಡವು. ಒಂದು ಜೊತೆಗೆ ಕಾಲು ತೂರಿಸಿ ಹೊರಗೆ ಬಂದರೆ, ಡ್ರೈವ್‌ವೇಯಲ್ಲಿ ಆಗಷ್ಟೇ ಬಂದಿಳಿದ ಹೊಸಬರೊಬ್ಬರು, ಹೊರಟಿದ್ದ ಆಂಟಿಯೊಬ್ಬರನ್ನು ತಡೆದು ನಿಲ್ಲಿಸಿದ್ದರು.

"ಆಂಟಿ, ಎಷ್ಟು ಚೆನ್ನಾಗಿದೆ! ಎಲ್ಲಿ ತಗೊಂಡ್ರಿ ಈ ಬೂಟು?"

ಆಂಟಿಯ ಮುಖ ಅರಳಿತು. "ನನ್ನದೇ ಸೆಲೆಕ್ಷನ್ ಕಣಮ್ಮ. ಇವತ್ಯಾಕೋ ಸ್ವಲ್ಪ ಬಿಗಿ ಅನಿಸ್ತಿದೆ."

ಅವರ ಬಲ ಹಿಮ್ಮಡಿಯಲ್ಲಿ ಬೆಳ್ಳಿ ನಕ್ಷತ್ರ ಹೊಳೆಯಿತು.

"ಆಂಟಿ, ಅದು ನನ್ನದು!" ಎಂದು ಓಡಿದೆ. ದೊಡ್ಡ ಬೂಟುಗಳೆರಡೂ ಹಿಮದಲ್ಲಿ ಹೂತು ಹಿಂದೆಯೇ ಉಳಿದವು, ನಾನು ಮಾತ್ರ ಅವರ ಮುಂದೆ ಹೋಗಿ ನಿಂತೆ. ಹೊಸಬರು ನನ್ನ ಮಾತು ಕಿವಿಗೇ ಹಾಕಿಕೊಳ್ಳದೆ, ನನ್ನ ಒದ್ದೆ ಸಾಕ್ಸನ್ನೂ ಹೆಬ್ಬೆರಳನ್ನೂ ನೋಡಿ ಕರಗಿಹೋದರು.

"ಅಯ್ಯೋ, ಈ ಚಳೀಲಿ ಬರೀ ಸಾಕ್ಸಲ್ಲಿ ಬಂದ್ರಾ? ಒಂದು ಜೊತೆ ಬೂಟು ತಗೋಬಾರ್ದೇನ್ರೀ? ಎಲ್ಲಿ ಸಿಗತ್ತೆ ಅಂತ ಆಂಟಿನ ಕೇಳಿ, ಹೇಳ್ತಾರೆ."