ದರ್ಜಿ ರಿಪೇರಿ ಮಾಡಿದ ಸೈಕಲ್ಲು

ಹೆಂಡತಿ: ಸೀಟಿನ ಅಂಚಿಗೆ ಬಟ್ಟೆ ಪೈಪಿಂಗ್ ಯಾರು ಕೇಳಿದ್ರು ನಿಮ್ಮನ್ನ? ನಾನು ಕೇಳಿದ್ದು ಬ್ರೇಕು.

ದರ್ಜಿ: ಬ್ರೇಕು ಒಳಗಿನ ಕೆಲಸ ಕಣೇ. ನೋಡೋರ ಕಣ್ಣಿಗೆ ಮೊದಲು ಬೀಳೋದು ಸೀಟು.

ಹೆಂಡತಿ: ಬ್ರೇಕಿಲ್ದಿದ್ರೆ ಮೊದಲು ಬೀಳೋದು ನಾನು.

ಅಂಗಳದಲ್ಲಿ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಕೊಳ್ಳುವಾಗಲೇ ಅಗ್ಗದ ಮಾಲು. ಮೇಲಿಂದ ವರ್ಷಗಟ್ಟಲೆ ಮೆಟ್ಟಿಲ ಕೆಳಗೆ ಬಿದ್ದು, ತುಕ್ಕು ಹಿಡಿದು, ಜೇಡನಿಗೆ ಸಂಸಾರ ಹೂಡಲು ಜಾಗ ಕೊಟ್ಟಿತ್ತು. ಈಗ ಆಕೆಗೆ ಊರಾಚೆಯ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಇವತ್ತೇ ಮೊದಲ ದಿನ. ಆ ಕಡೆಗೆ ಬಸ್ಸಿಲ್ಲ. ಎಂಟಕ್ಕೆ ಗೇಟು ಹಾಕಿದರೆ ಹೊರಗುಳಿದವರು ಬಂದ ದಾರಿ ಹಿಡಿಯಬೇಕು.

ಸೈಕಲ್ ಅಂಗಡಿಗೆ ಕೊಡೋಣವೆಂದು ಆಕೆ ಹೇಳಿದ್ದಳು. ಗಂಡ ಕೇಳಬೇಕಲ್ಲ. ಹೊಲಿಗೆ ಮಿಷನ್ನೂ ತುಳಿಯುವುದೇ, ಸೈಕಲ್ಲೂ ತುಳಿಯುವುದೇ, ಇದಕ್ಕೆ ಬೇರೆಯವರ ಕೈ ಯಾಕೆ ಎಂದ. ಅವತ್ತಿನಿಂದ ಗಿರಾಕಿಗಳಿಗೆ ಹೇಳುವ ಮಾತನ್ನೇ ಹೆಂಡತಿಗೂ ಹೇಳುತ್ತ ಬಂದಿದ್ದ: ಆಗೇಹೋಯ್ತು, ಇಸ್ತ್ರಿ ಒಂದು ಬಾಕಿ.

ಹೆಂಡತಿ: ಚಕ್ರದ ಮೇಲೆ ಈ ಸೀಮೆಸುಣ್ಣದ ಗೀಟು ಏನ್ರೀ?

ದರ್ಜಿ: ಗುರುತು. ಬಿಚ್ಚಿದ್ದನ್ನ ಮತ್ತೆ ಕೂಡಿಸ್ಬೇಡ್ವಾ?

ಹೆಂಡತಿ: ಹಾಗಾದ್ರೆ ತಟ್ಟೇಲಿ ಇರೋ ಈ ನಟ್ಟುಗಳು?

ದರ್ಜಿ: ಅದು ಉಳಿದದ್ದು. ಒಳ್ಳೆ ಕೈ ಕತ್ತರಿ ಹಿಡಿದ್ರೆ ಬಟ್ಟೆ ಉಳಿಯುತ್ತೆ.

ಆಕೆ ಕೂತು, ಉಳಿದ ನಟ್ಟುಗಳನ್ನೆಲ್ಲ ಬ್ರೇಕಿನ ಬೋಲ್ಟುಗಳಿಗೇ ಹಾಕಿ ಬಿಗಿದಳು. ಬ್ರೇಕು ಹಿಡಿಯಿತು. ದರ್ಜಿ ನೋಡಿಯೂ ನೋಡದವನಂತೆ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಟ್ರಯಲ್ ನೋಡು ಎಂದ. ಆಕೆ ಮೆಟ್ಟಿಲ ಮೇಲಿಂದ ಹೇಗೋ ಹತ್ತಿ ಕೂತಳು. ಪೆಡಲು ಕಾಲಿಗೆ ಸಿಗಲೊಲ್ಲದು.

ಹೆಂಡತಿ: ಕಾಲು ಎಟುಕ್ತಾ ಇಲ್ಲ.

ದರ್ಜಿ: ಸಾಧ್ಯವೇ ಇಲ್ಲ. ನೀನು ಮಲಗಿದ್ದಾಗ ಟೇಪು ಹಿಡಿದು ಅಳತೆ ತಗೊಂಡೇ ಸೀಟು ಏರಿಸಿದ್ದೀನಿ.

ಹೆಂಡತಿ: ಎಲ್ಲಿಂದ ಎಲ್ಲಿಗೆ?

ದರ್ಜಿ: ಸೊಂಟದಿಂದ ಹಿಮ್ಮಡಿಗೆ. ಪ್ಯಾಂಟಿಗೆ ಹಾಗೇ ತಾನೆ ತಗೊಳ್ಳೋದು?

ಹೆಂಡತಿ: ನಾನು ಕೂತ್ಕೊಳ್ಳೋದು ಸೊಂಟದ ಮೇಲಾ?

ದರ್ಜಿ ಕುತ್ತಿಗೆಯಲ್ಲಿದ್ದ ಟೇಪನ್ನು ತೆಗೆದು, ಮತ್ತೆ ಹಾಕಿಕೊಂಡ. ಇಡೀ ಜನ್ಮದಲ್ಲಿ ಯಾವ ಗಿರಾಕಿಯೂ ಅವನಿಗೆ ಈ ಪ್ರಶ್ನೆ ಕೇಳಿರಲಿಲ್ಲ, ಪಾಪ. ಕೊನೆಗೆ, ಇದನ್ನು ಪೂರ್ತಿ ಬಿಚ್ಚಿ ಆಲ್ಟರ್ ಮಾಡಬೇಕು, ಗುರುವಾರಕ್ಕೆ ಗ್ಯಾರಂಟಿ ಎಂದ. ಆಕೆ ಕೆಳಗಿಳಿದು ಸ್ಪ್ಯಾನರ್ ಕೈಗೆತ್ತಿಕೊಂಡಳು. ಸೀಟಿನ ನಟ್ಟು ಸಡಿಲಿಸಿ, ಗುದ್ದಿ ಇಳಿಸಿ, ಬಿಗಿದಳು. ಹಾಲು ಕಾಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಹೆಂಡತಿ: ನಿಜ ಹೇಳಿ. ಈ ಸೈಕಲ್ಲು ಸರಿಹೋಗೋದು ನಿಮಗೆ ಬೇಕಾಗಿತ್ತಾ?

ಅವನ ಮುಖ ಸಣ್ಣಗಾಯಿತು.

ದರ್ಜಿ: ಬೇಡವಾಗಿತ್ತು. ನೀನು ದಿನಾ ಹೊರಟುಬಿಟ್ರೆ ಅಂಗಡಿ ಗತಿ ಏನೇ? ಕಾಜಾ ಯಾರು ಮಾಡ್ತಾರೆ, ಗುಂಡಿ ಯಾರು ಹಾಕ್ತಾರೆ? ಅಷ್ಟುದ್ದ ಮಧ್ಯಾಹ್ನ ನಾನು ಯಾರ ಜೊತೆ ಜಗಳ ಆಡ್ಲಿ?

ಆಕೆಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು, ಮುಚ್ಚುಮರೆ ಯಾಕೆ. ಆದರೆ ಗೇಟಿನವನಿಗೆ ಇದೆಲ್ಲ ಗೊತ್ತಾಗುತ್ತದೆಯೇ? ಊಟದ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಹತ್ತಿ ಕೂತಳು. ಈ ಸಲ ಕಾಲು ಸರಿಯಾಗಿ ಎಟುಕಿತು.

ಹೆಂಡತಿ: ಜಗಳ ಸಂಜೆ ಬಂದ್ಮೇಲೆ ಆಡೋಣ, ಅದೇನು ಹಳಸಿಹೋಗಲ್ಲ. ಇನ್ನು ಗುಂಡಿ ವಿಷಯ. ಇಷ್ಟು ವರ್ಷ ನಾನು ಹಾಕಿದ ಗುಂಡಿ ತೋರಿಸಿ, ‘ಎಲ್ಲಾ ನನ್ನ ಕೈಕೆಲಸ’ ಅಂತ ಗಿರಾಕಿಗಳ ಮುಂದೆ ಮೀಸೆ ತಿರುವ್ತಿದ್ರಲ್ಲ. ಇವತ್ತಿಂದ ಆ ಮಾತನ್ನ ನಿಜ ಮಾಡಿ.